ಕಲ್ಲಿನ ಕೊನೆಯ ಸಾಲು

ಮೊನ್ನೆ ಪಕ್ಕದ ಮನೆಯಲ್ಲಿ ಮೊಮ್ಮಗುವಿಗೆಂದು ಕಾಡಿಗೆ ಮಾಡುತ್ತಿದ್ದರು. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಅದಕ್ಕೆ ಕೂತ ಮಸಿಯನ್ನು ಬೆರಳಿನಿಂದ ಕೆರೆಯುತ್ತಿದ್ದರು. ತೀರ್ಥಹಳ್ಳಿ ಪೇಟೆಯೊಳಗೆ ಇನ್ನೂ ಇದನ್ನೆಲ್ಲ ಮಾಡುವವರಿದ್ದಾರಲ್ಲ ಎಂದು ಖುಷಿಯಾಗಿ ಅಲ್ಲೇ ಜಗಲಿಯಲ್ಲಿ ಕೂತೆ. ಮಸಿಯ ವಾಸನೆ ಮೂಗಿಗೆ ಬಂತು ನೋಡಿ... ಎಂಬತ್ತು ದಾಟಿದ ನನಗೆ ಒಮ್ಮೆಲೇ ಇಪ್ಪತ್ತೊಂದಾಯಿತು. ಪಕ್ಕದ ಮನೆಯವಳು ಏನೇನೋ ಮಾತಾಡುತ್ತಲೇ ಇದ್ದಳು. ನನಗೆ ಒಂದೂ ಕಿವಿಗೆ ಬೀಳಲಿಲ್ಲ.

ಅದು ನಮ್ಮ ಮೇಷ್ಟ್ರ ವಾಸನೆ. ಸಾಗರದ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಅವರಿಗೆ ಹಳೆಯ ಶಾಸನಗಳ ಹುಚ್ಚು. ರಜೆ ಬಂತೆಂದರೆ ಕೊಡೆ, ಬುತ್ತಿ, ಒಂದು ಬಿದಿರಿನ ಕೊಳವೆಯಲ್ಲಿ ಸುತ್ತಿಟ್ಟ ಕಾಗದ ಹಿಡಿದು ಊರೂರು ಅಲೆಯುತ್ತಿದ್ದರು. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬಿರುಸು ಬ್ರಷ್ಷಿನಿಂದ ಬಡಿಯುವುದು. ಕಾಗದ ಅಕ್ಷರದ ಗುಳಿಗಳಿಗೆ ಇಳಿದು ಅರೆಬರೆ ಒಣಗಿದ ಮೇಲೆ ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ ಮೆಲ್ಲಗೆ ಒತ್ತುವುದು. ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಏಳುತ್ತಿದ್ದವು. ಪಡಿಯಚ್ಚು ಎಂದು ಅದಕ್ಕೆ ಹೆಸರು. ಆ ಮಸಿಯನ್ನು ಅವರು ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಮನೆಯಲ್ಲೇ ಹರಳೆಣ್ಣೆ ದೀಪ ಹಚ್ಚಿ, ಮಸಿ ಹಿಡಿದು, ಅಂಟು ಕಲಸಿ ಮಾಡುತ್ತಿದ್ದರು. ತರಗತಿಗೆ ಬಂದಾಗಲೂ ಉಗುರಿನ ಸಂದಿಯಲ್ಲಿ ಅದು ಇರುತ್ತಿತ್ತು.

ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಸುಳ್ಳು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಪುರಾಣಕ್ಕೇನು ಕಡಿಮೆಯೇ? ಶರಾವತಿ ಹುಟ್ಟಿದ್ದು ರಾಮನ ಬಾಣದಿಂದ, ತೀರ್ಥಹಳ್ಳಿಯ ತುಂಗೆಯಲ್ಲಿ ಪರಶುರಾಮ ಕೊಡಲಿ ತೊಳೆದ, ಯಾವ ಪಾಳು ಗುಡಿ ಕಂಡರೂ ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದ್ದು. ಇದನ್ನೆಲ್ಲ ಮೇಷ್ಟ್ರು ನಮಗಿಂತ ಚೆನ್ನಾಗಿ, ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, "ಕಥೆಗೆ ಕಥೆಯ ಮರ್ಯಾದೆ, ಕಲ್ಲಿಗೆ ಕಲ್ಲಿನ ಮರ್ಯಾದೆ. ಎರಡನ್ನೂ ಕಲಸಬೇಡಿ" ಎನ್ನುತ್ತಿದ್ದರು. ಅಕ್ಷರ ಸವೆದು ಹೋದ ಕಡೆ ಊಹೆ ಮಾಡಿ ಬರೆದರೆ ಬೆರಳ ಗಿಣ್ಣಿನ ಮೇಲೆ ಪೆಟ್ಟು ಬೀಳುತ್ತಿತ್ತು. ತಿಳಿಯದಿದ್ದರೆ ಚುಕ್ಕಿ ಇಡಬೇಕು, ಅಷ್ಟೇ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮೇಷ್ಟ್ರಿಗೆ ಆ ಒದೆ ಬೇಕಾದಷ್ಟು ಬಿದ್ದಿತ್ತು. ಒಂದೂರಿನ ದೇವಸ್ಥಾನದಲ್ಲಿ ಮೊದಲ ಪೂಜೆಯ ಹಕ್ಕು ತಮ್ಮದೆಂದು ಒಂದು ಮನೆಯವರು ಹೇಳಿಕೊಳ್ಳುತ್ತಿದ್ದರು. ಕಲ್ಲು ಓದಿದ ಮೇಷ್ಟ್ರು ತುಂಬಿದ ಸಭೆಯಲ್ಲಿ, "ಇದರಲ್ಲಿ ಇವರ ಮನೆತನದ ಸುದ್ದಿಯೇ ಇಲ್ಲ" ಎಂದುಬಿಟ್ಟರು. ಆ ಮನೆ ಅವರ ಹೆಂಡತಿಯ ತವರು. ಆಮೇಲೆ ಎಷ್ಟೋ ತಿಂಗಳು ಅವರ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಮಾತು ಇರಲಿಲ್ಲ ಎಂದು ನಾವು ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಹಳೆಗನ್ನಡ ಲಿಪಿ ಓದುವುದನ್ನು ನಾನು ಅವರಿಂದ ಎರಡು ಬೇಸಿಗೆ ರಜೆಯಲ್ಲಿ ಕಲಿತೆ. ಅಷ್ಟು ಹಟ ಹಿಡಿದು ಕಲಿತವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬ್ಯಾಕೋಡಿನ ಕಡೆಯ ಒಂದು ಹಳ್ಳಿಯಲ್ಲಿ ಒಂಟಿ ಟೀಚರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಹೊಳೆಯ ಎರಡೂ ದಡದ ಊರುಗಳಿಗೆ ಮುಳುಗಡೆಯ ನೋಟೀಸು ಬಂದಾಗಿತ್ತು. ವಾರಕ್ಕೊಂದು ಮನೆ ಹೆಂಚು ಇಳಿಸಿಕೊಂಡು, ಬಾಗಿಲು ಕಿತ್ತುಕೊಂಡು ಲಾರಿ ಹತ್ತುತ್ತಿತ್ತು. ಹಾಜರಿ ಪುಸ್ತಕದಲ್ಲಿ ಹೆಸರಿಗೆ ಗೀಟು ಹಾಕಿ ಹಾಕಿ ಕೊನೆಗೆ ಒಂಬತ್ತು ಮಕ್ಕಳು ಉಳಿದಿದ್ದರು.

ಶಾಲೆಯ ಕೆಳಗಿನ ಗದ್ದೆ ದೊಡ್ಡವ್ವನ ಮನೆಯದು. ತಲೆತಲಾಂತರದಿಂದ ಗೇಣಿ ಮಾಡಿಕೊಂಡು ಬಂದ ಮನೆ. ದೊಡ್ಡವ್ವ ಎಂದರೆ ಮನೆಗೆ ಹಿರಿಯಳು, ಊರಿಗೂ ಹಾಗೇ. ಒಬ್ಬ ಮಗ, ಸೊಸೆ. ಸೊಸೆಗೆ ಆಗ ಆರು ತಿಂಗಳು. ಆ ಗದ್ದೆಯ ಬದುವಿನ ಮೇಲೆ ಆಳೆತ್ತರದ ಒಂದು ಕಲ್ಲು ನಿಂತಿತ್ತು. 'ಹಿರಿಯ' ಎಂದು ಅದನ್ನು ಕರೆಯುತ್ತಿದ್ದರು. ದನ ಕಾಯಲು ಹೋಗಿ ಸತ್ತ ಯಾರೋ ತಮ್ಮ ಪೂರ್ವಿಕ ಎಂದು ನಂಬಿದ್ದರು. ದೀಪಾವಳಿಗೆ ದೊಡ್ಡವ್ವ ಅದಕ್ಕೆ ಎಣ್ಣೆ ಹಚ್ಚಿ, ಗೋಡೆಗೆ ಸಾರಿಸುವ ಹಾಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಚಿತ್ತಾರ ಬರೆಯುತ್ತಿದ್ದಳು. ಅವಳಿಗೆ ಮೊದಲು ಅವಳ ಅತ್ತೆ, ಅದಕ್ಕೆ ಮೊದಲು ಅವಳ ಅತ್ತೆ... ಹೀಗೆ ಪ್ರೀತಿಯಿಂದ ಬಳಿದ ಮಣ್ಣು ತೆಂಗಿನ ಚಿಪ್ಪಿನಷ್ಟು ದಪ್ಪಕ್ಕೆ ಕೂತು, ಒಳಗೆ ಏನಿದೆ ಎಂದು ಬದುಕಿರುವ ಯಾರೂ ನೋಡಿರಲಿಲ್ಲ. ಹಿರಿಯನ ಮೈಬಣ್ಣವೇ ಕೆಂಪು ಎಂದು ತಿಳಿದಿದ್ದರು.

ಅವರ ಲಾರಿ ಸೋಮವಾರಕ್ಕೆ ಎಂದು ಗೊತ್ತಾದ ಮೇಲೆ ಮನೆಯಲ್ಲಿ ಜಗಳ ಹುಟ್ಟಿತು. ಹಿರಿಯನನ್ನು ಬಿಟ್ಟು ತಾನು ಲಾರಿ ಹತ್ತುವುದಿಲ್ಲ ಎಂದು ದೊಡ್ಡವ್ವ. ನೆಟ್ಟ ಕಲ್ಲನ್ನು ಕಿತ್ತರೆ ಮನೆಗೆ ಕೇಡು ಎಂದು ಮಗ. ಅವನದು ಅಸಡ್ಡೆಯಲ್ಲ, ಹೆದರಿಕೆ. ಹೆಂಡತಿ ಬಸುರಿ, ಹೋಗುವ ಜಾಗ ಕಂಡದ್ದಲ್ಲ. ಮೂರು ದಿನ ತಾಯಿ ಮಗ ಮಾತು ಬಿಟ್ಟರು. ನಾನು ಮಧ್ಯೆ ಹೋಗಿ, ಕಲ್ಲಿನ ಮೇಲೆ ಬರಹ ಇರುತ್ತದೆ, ಓದಬಲ್ಲವರನ್ನು ಕರೆಸುತ್ತೇನೆ ಎಂದೆ. ಇಬ್ಬರೂ ಅದನ್ನು ಹಿಡಿದುಕೊಂಡರು.

"ಕಲ್ಲು ಎಂತ ಹೇಳ್ತದೋ ಹಂಗೇ ಮಾಡದು" ಎಂದ ಮಗ. "ಬ್ಯಾಡ ಅಂದ್ರೆ ಅಲ್ಲೇ ಬಿಡದು. ಆಮೇಲೆ ನೀ ಅಳಂಗಿಲ್ಲ."

"ಅಳಲ್ಲ. ಅವ ಬ್ಯಾಡ ಅನ್ನಲ್ಲ" ಎಂದಳು ದೊಡ್ಡವ್ವ.

ಮೇಷ್ಟ್ರಿಗೆ ಕಾರ್ಡು ಬರೆದೆ. ಆಗ ಅವರಿಗೆ ನಿವೃತ್ತಿಯಾಗಿತ್ತು. ಮುಳುಗುವ ಊರುಗಳ ಕಲ್ಲುಗಳನ್ನೆಲ್ಲ ಕಾಗದಕ್ಕಾದರೂ ಇಳಿಸಬೇಕೆಂದು ಒಬ್ಬರೇ ಹೊಳೆಯುದ್ದಕ್ಕೂ ತಿರುಗುತ್ತಿದ್ದರು. ಶನಿವಾರ ಮಧ್ಯಾಹ್ನ ಬಂದಾಗ ನೋಡಿ ಗುರುತೇ ಹತ್ತಲಿಲ್ಲ, ಅಷ್ಟು ಸೊರಗಿದ್ದರು. "ಎಷ್ಟು ಕಲ್ಲು ನೋಡಿದೆ ಗೊತ್ತೇನೇ? ಎಲ್ಲ ಅಲ್ಲಲ್ಲೇ ಮುಳುಗುತ್ತವೆ. ಎತ್ತಿಕೊಂಡು ಹೋಗಲಿಕ್ಕೆ ನನ್ನೊಬ್ಬನ ಕೈಯಲ್ಲಿ ಆಗುತ್ತದೆಯೆ?" ಎಂದರು. ಈ ಮನೆಯ ಸಂಗತಿ ವಿವರಿಸಿದಾಗ ಮಾತ್ರ ಅವರ ಮುಖ ಬೇರೆಯಾಯಿತು. ಒಂದು ಕಲ್ಲನ್ನು ಒಯ್ಯುತ್ತೇನೆ ಎನ್ನುವ ಮನುಷ್ಯರು ಅವರಿಗೆ ಸಿಕ್ಕಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಶುರುವಾಗುವಾಗಲೇ ತೊಡಕು. ಹಿರಿಯನ ಮೈ ಮುಟ್ಟುವ ಹಕ್ಕು ಮನೆಯ ಹಿರಿಯ ಹೆಂಗಸಿಗೆ ಮಾತ್ರ. ಮೇಷ್ಟ್ರಾಗಲಿ ಮತ್ತೊಬ್ಬರಾಗಲಿ ಕೈ ಹಚ್ಚುವಂತಿಲ್ಲ. ಮೇಷ್ಟ್ರು ಬದುವಿನ ಮೇಲೆ ಕೂತು ಹೇಳಿಕೊಡುವುದು, ದೊಡ್ಡವ್ವ ಮಾಡುವುದು ಎಂದಾಯಿತು. ಬಿಸಿನೀರು, ಬೂದಿ, ಅಂಟುವಾಳದ ನೊರೆ, ತೆಂಗಿನ ನಾರು. ಬಿಸಿಲು ನೆತ್ತಿಗೆ ಬರುವವರೆಗೂ ಅವಳು ತಿಕ್ಕಿದಳು. ಕೆಮ್ಮಣ್ಣು ಪದರ ಪದರವಾಗಿ ಬಿದ್ದು, ಒಳಗಿಂದ ಕಪ್ಪು ಕಲ್ಲು ಬಂತು. ಕೆಳಗಿನ ಅಂಕಣದಲ್ಲಿ ದನಗಳು, ಬಿಲ್ಲು ಹಿಡಿದವನೊಬ್ಬ. ನಡುವೆ ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುವ ಅಪ್ಸರೆಯರು. ತುದಿಯಲ್ಲಿ ಲಿಂಗದ ಎದುರು ಕೂತ ಅವನೇ. ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರ.

ದೊಡ್ಡವ್ವ ನಾರು ಕೆಳಗಿಟ್ಟು ತುಂಬ ಹೊತ್ತು ನೋಡಿದಳು. "ಇಷ್ಟ್ ಸಣ್ಣ ಹುಡ್ಗ" ಎಂದಳು. ಅಷ್ಟು ವರ್ಷ ಅವಳು ಮುದುಕನೊಬ್ಬನಿಗೆ ಎಣ್ಣೆ ಹಚ್ಚುತ್ತಿದ್ದೇನೆ ಎಂದುಕೊಂಡಿದ್ದಳು.

ಮೇಷ್ಟ್ರ ಹತ್ತಿರ ಆ ಅಳತೆಯ ಕಾಗದ ಎರಡೇ ಉಳಿದಿತ್ತು. ಮೊದಲನೆಯದು ಹಿಡಿಯಲಿಲ್ಲ. ಕಲ್ಲಿನ ಮೈಯಲ್ಲಿ ಇನ್ನೂ ಜಿಡ್ಡಿತ್ತು, ಬ್ರಷ್ಷು ಬಿದ್ದಲ್ಲೆಲ್ಲ ಕಾಗದ ಜಾರಿ ಹರಿದುಹೋಯಿತು. ಮಧ್ಯಾಹ್ನ ಕಳೆದಿತ್ತು. ಪಶ್ಚಿಮದಲ್ಲಿ ಮೋಡ ಏಳುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಲಾರಿ. ದೊಡ್ಡವ್ವ ಮತ್ತೆ ಬಿಸಿನೀರು ಹೊತ್ತು ತಂದಳು, ಮತ್ತೆ ತಿಕ್ಕಿದಳು. ಮಗ ಅತ್ತಿತ್ತ ಶತಪಥ ಹಾಕುತ್ತಿದ್ದ. ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು, ಎದ್ದು ಒಳಗೆ ಹೋಗು ಎಂದರೂ ಹೋಗಲಿಲ್ಲ. ಎರಡನೆಯ ಕಾಗದ ಹಾಸಿದಾಗ ಮೇಷ್ಟ್ರ ಬಾಯಿಂದ ತರಗತಿಯಲ್ಲಿ ಎಂದೂ ಬಾರದ ಮನೆಮಾತು ಬಂತು.

"ಕೂಸೆ, ಕೆಳಗಿನ ತುದಿ ಸರಿಯಾಗಿ ಹಿಡ್ಕ. ಬಿಡಡ."

ಕಲ್ಲು ಮುಟ್ಟದೆ ಕಾಗದದ ತುದಿ ಮಾತ್ರ ಹಿಡಿಯಲು ನನಗೆ ಅಪ್ಪಣೆಯಾಗಿತ್ತು. ಮಣ್ಣಿನಲ್ಲಿ ಮಂಡಿಯೂರಿ ಹಿಡಿದೆ. ದೊಡ್ಡವ್ವ ಬ್ರಷ್ಷಿನಿಂದ ಬಡಿದಳು. ನೆಲ ಬಡಿದು ಗಟ್ಟಿ ಮಾಡಿದ ಕೈ ಅದು, ಎಲ್ಲಿ ಎಷ್ಟು ಭಾರ ಬೇಕು ಎಂದು ಹೇಳಿಕೊಡಬೇಕಾಗಲಿಲ್ಲ. ಮೇಷ್ಟ್ರೇ ಬೆರಗಾಗಿ ಬಾಯಿ ಮುಚ್ಚಿ ಕೂತರು. ಕಾಗದ ಒಣಗುವುದನ್ನು ಕಾಯುತ್ತ ಐದು ಜನ ಮೋಡ ನೋಡುತ್ತ ಕೂತ ಆ ಹೊತ್ತು ಎಷ್ಟು ಉದ್ದವಿತ್ತು ಎಂದು ಈಗ ಹೇಳಲಾರೆ. ಒಂದು ಹನಿ ಬಿದ್ದರೆ ಮುಗಿಯಿತು. ಬೀಳಲಿಲ್ಲ. ಅವಳು ಮಸಿಯ ಉಂಡೆ ಹಿಡಿದು ಮೇಲಿಂದ ಒತ್ತುತ್ತ ಬಂದಳು. ಅಕ್ಷರ ಬಾರದವಳ ಕೈಯಿಂದ ಅಕ್ಷರಗಳು ಒಂದೊಂದಾಗಿ ಬಿಳಿಯಾಗಿ ಎದ್ದವು.

ಕೊನೆಯ ಪಟ್ಟಿ ಅರ್ಧ ಮಣ್ಣಿನೊಳಗಿತ್ತು. ದೊಡ್ಡವ್ವ ಮಣ್ಣು ಕೆದರಿ ಅದನ್ನು ಬಿಡಿಸಿದ್ದಳು. ನಾನು ಮಂಡಿಯೂರಿದ್ದು ಅದರ ಎದುರಿಗೇ. ಆದ್ದರಿಂದ ಮೇಷ್ಟ್ರಿಗಿಂತ ಮೊದಲು ಅದನ್ನು ಓದಿದವಳು ನಾನು. ಒಂದಕ್ಷರವೂ ಸವೆದಿರಲಿಲ್ಲ, ಮಣ್ಣು ಅದನ್ನು ಜೋಪಾನವಾಗಿ ಕಾಪಾಡಿತ್ತು. ಈ ಕಲ್ಲನ್ನು ಕಿತ್ತವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ, ಅವನ ಸಂತಾನ ನಿಲ್ಲದಿರಲಿ. ಇಂಥ ಶಾಪ ಹಳೆಯ ಕಲ್ಲುಗಳಲ್ಲಿ ಸಾಮಾನ್ಯ. ಕಾಗದದ ಕೊನೆಗೆ ಮೊಹರು ಒತ್ತಿದ ಹಾಗೆ, ಹೆದರಿಸಲು ಬರೆಸುತ್ತಿದ್ದರು ಎಂದು ಮೇಷ್ಟ್ರೇ ನಮಗೆ ಹೇಳಿಕೊಟ್ಟಿದ್ದರು. ನಾನು ಅದನ್ನು ನೆನಪು ಮಾಡಿಕೊಳ್ಳುತ್ತಲೇ ಬದುವಿನ ಮೇಲೆ ಕೂತಿದ್ದ ಸೊಸೆಯನ್ನು ನೋಡಿದೆ.

ಮೇಷ್ಟ್ರು ಕಾಗದ ಬಿಡಿಸಿಕೊಂಡು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓದಿದರು. ಕೊನೆಗೆ ಬಂದಾಗ ಅವರ ತುಟಿ ನಿಂತದ್ದನ್ನು ನಾನು ಕಂಡೆ. ಆಮೇಲೆ ಎಲ್ಲರಿಗೂ ಕೇಳುವಂತೆ ಅರ್ಥ ಹೇಳಿದರು. ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ, ಕಾದಾಡಿ, ದನಗಳನ್ನು ಬಿಡಿಸಿ ಈ ಹುಡುಗ ಸತ್ತ. ಅವನ ತಾಯಿ ಈ ಕಲ್ಲು ನಿಲ್ಲಿಸಿದಳು. ಅವನ ನೆತ್ತರಿಗೆ ಬದಲಾಗಿ ಊರವರು ಅವಳಿಗೆ ಈ ಗದ್ದೆ ಬಿಟ್ಟುಕೊಟ್ಟರು.

"ಗದ್ದೆ ಅವನ ನೆತ್ತರಿಂದು" ಎಂದಳು ದೊಡ್ಡವ್ವ. "ಗೇಣಿ ಮಾತ್ರ ಒಡೇರ ಮನೀಗೆ ಹೋತು."

"ಅವ ನಮ್ಮವನೇ ಹೌದಾ ಮೇಷ್ಟ್ರೇ?" ಎಂದು ಮಗ ಕೇಳಿದ.

"ಅದು ಇದರಲ್ಲಿ ಇಲ್ಲ. ಇಲ್ಲದ್ದನ್ನು ನಾನು ಹೇಳುವುದಿಲ್ಲ."

ಈ ಒಂದು ಮಾತಿನಿಂದ ಅವನಿಗೆ ಮೇಷ್ಟ್ರ ಮೇಲೆ ಪೂರ್ತಿ ನಂಬಿಕೆ ಬಂತು. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ಅವನು ಬಗ್ಗಿ ಬೆರಳು ತೋರಿಸಿದ.

"ಈ ಕೆಳಗಿನ್ ಸಾಲು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದು ಸವೆದಿದೆ" ಎಂದರು. "ಓದಲಿಕ್ಕೆ ಬರುವುದಿಲ್ಲ."

ಮಗ ನನ್ನ ಕಡೆ ತಿರುಗಿದ. "ಅಕ್ಕೋರೇ, ನೀವೂ ಓದ್ತೀರಲ್ಲ. ನಿಮ್ಗೂ ಕಾಣ್ಸಲ್ವಾ?"

ನಾನು ಮೇಷ್ಟ್ರನ್ನು ನೋಡಲಿಲ್ಲ. ಸೊಸೆಯನ್ನೂ ನೋಡಲಿಲ್ಲ. "ಇಲ್ಲ, ಕಾಣಿಸ್ತಿಲ್ಲ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು...

ಸೋಮವಾರ ಹಿರಿಯನನ್ನು ಅಗೆದು, ದೊಡ್ಡವ್ವನ ಕೈಯಿಂದಲೇ ಹುಲ್ಲು ಸುತ್ತಿಸಿ, ಆರು ಜನ ಹಗ್ಗ ಹಾಕಿ ಲಾರಿಗೆ ಏರಿಸಿದರು. ಕಲ್ಲು ನೆಲ ಬಿಡುವಾಗ ಮಗ ಕಣ್ಣು ಮುಚ್ಚಿಕೊಂಡಿದ್ದ. ದೊಡ್ಡವ್ವ ಲಾರಿಯ ಹಿಂದುಗಡೆ ಕಲ್ಲಿನ ಪಕ್ಕದಲ್ಲೇ ಕೂತಳು. ಮೇಷ್ಟ್ರು ಕೊಡೆ ಊರಿಕೊಂಡು ರಸ್ತೆಯ ಬದಿ ನಿಂತಿದ್ದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಏನನ್ನೋ ಕದ್ದವರ ಹಾಗೆ ಕಂಡರು. ನಾನು ಸಮಾಧಾನಕ್ಕೆ, "ಒಂದಾದರೂ ಉಳಿಯಿತಲ್ಲ ಮೇಷ್ಟ್ರೇ" ಎಂದೆ. ಅವರು ಕೊಡೆ ಎತ್ತಿಕೊಂಡು ನಡೆದುಬಿಟ್ಟರು.

ಶಾಲೆ ಮುಚ್ಚಿತು. ನನಗೆ ಸಾಗರಕ್ಕೆ ವರ್ಗವಾಯಿತು. ಆ ಮಳೆಗಾಲ ಮುಗಿದು ಸ್ವಲ್ಪ ದಿನಕ್ಕೆ ಮಗ ಪರಿಹಾರದ ಕಾಗದಪತ್ರಕ್ಕೆಂದು ಸಾಗರಕ್ಕೆ ಬಂದವನು ನನ್ನನ್ನು ಹುಡುಕಿಕೊಂಡು ಬಂದ. ಅವರಿಗೆ ಹೊಸನಗರದ ಆಚೆ ಜಾಗ ಸಿಕ್ಕಿತ್ತು. ಕೂತು ನೀರು ಕುಡಿದು ಹೇಳಿದ.

"ಗಂಡು ಹುಟ್ಟಿತ್ತು ಅಕ್ಕೋರೇ. ಹನ್ನೊಂದ್ ದಿನ ಇತ್ತು. ಹೆಸ್ರಿಡಕ್ಕೂ ಆಗ್ಲಿಲ್ಲ. ಹಿರಿಯಂಗೆ ಎಂತ ತಪ್ ಮಾಡಿದ್ವೋ..."

ಅವನು ಹೋದ ಮೇಲೆ ನಾನು ಅತ್ತೆ. ಮೇಷ್ಟ್ರಿಗೆ ಹೇಳದೆ ಇರಬಹುದಿತ್ತು. ಆದರೆ ಒಬ್ಬಳೇ ಹೊರಲು ನನಗೆ ಧೈರ್ಯವಿರಲಿಲ್ಲ, ಸಂಜೆಗೇ ಹೋಗಿ ಹೇಳಿದೆ. ಅವರು ಮಸಿ ಅರೆಯುತ್ತಿದ್ದವರು ಕೈ ಒರೆಸಿಕೊಂಡು ಎದ್ದು ಕೊಳವೆಯಿಂದ ಆ ಕಾಗದ ತೆಗೆದರು.

"ನಾಳೆ ಹೊಸನಗರದ ಬಸ್ಸು ಎಷ್ಟು ಹೊತ್ತಿಗೆ?" ಎಂದರು.

ನಾನು ಬೇಡವೆಂದೆ. ಶಾಪದಿಂದ ಮಗು ಸಾಯುತ್ತದೆಯೇ, ಮಳೆಗಾಲದಲ್ಲಿ ಆ ಗುಡಿಸಲಿನಲ್ಲಿ ಆದದ್ದು ಅದು, ನೀವೇ ಕಲಿಸಿದ್ದಲ್ಲವೇ ಎಂದೆ. ಈಗ ಹೋಗಿ ಹೇಳಿದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ ಎಂದೂ ಹೇಳಿದೆ. ಅವರು ಎಲ್ಲವನ್ನೂ ಕೇಳಿ ಮತ್ತೆ ಮನೆಮಾತಿಗೆ ಇಳಿದರು.

"ನಾ ಶಾಪ ನಂಬ್ತ್ನಿಲ್ಲೆ ಕೂಸೆ. ಅವು ನಂಬ್ತ. ಬಿಡದು, ತಗಂಡು ಹೋಪದು ಅವರಿಗೆ ಬಿಟ್ಟಿದ್ದು. ಅವರ ಸೊತ್ತು ನನ್ನ ಹತ್ರ ಇದ್ದು. ಕೊಟ್ಟಿಕ್ಕೆ ಬರವು." ಆ ಸಾಲನ್ನು ಆ ಮನೆಗೆ ಮುಟ್ಟಿಸಿ ಬರಲೇಬೇಕೆಂದು ಹಟ ಹಿಡಿದರು.

ಬಸ್ಸಿನಲ್ಲಿ ಅವರು ಕೊಳವೆಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದರು. ಹೊಸನಗರದಲ್ಲಿ ಇಳಿದು ಎರಡು ಮೈಲಿ ನಡೆದೆವು. ಕಾಡು ಕಡಿದು ಬಯಲು ಮಾಡಿದ ಜಾಗ, ಸಾಲಾಗಿ ಹೊಸ ಗುಡಿಸಲು, ಇನ್ನೂ ಹಸಿ ಬೊಡ್ಡೆಗಳು. ಹಿರಿಯ ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದ. ದೊಡ್ಡವ್ವ ಅವನಿಗೆ ಆಗಲೇ ಒಂದು ಪದರ ಕೆಮ್ಮಣ್ಣು ಬಳಿದಿದ್ದಳು. ನಮ್ಮನ್ನು ಕಂಡು ಹಿಗ್ಗಿ ಚಾಪೆ ಹಾಸಿದಳು. ಮೇಷ್ಟ್ರು ಕೂರಲಿಲ್ಲ. ನಿಂತೇ ಕಾಗದ ಬಿಚ್ಚಿದರು.

"ಅವತ್ತು ಒಂದು ಸಾಲು ಬಿಟ್ಟಿದ್ದೆ. ಅದು ಸವೆದಿರಲಿಲ್ಲ. ಈಗ ಓದುತ್ತೇನೆ" ಎಂದು ಓದಿದರು. ಅರ್ಥವನ್ನೂ ಹೇಳಿದರು. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ. ಒಳಗೆ ಭತ್ತ ಕುಟ್ಟುತ್ತಿದ್ದ ಒನಕೆಯ ಸದ್ದು ನಿಂತುಹೋಯಿತು.

ಅಂಗಳದಲ್ಲಿ ಕೂತಿದ್ದ ಮಗ ಮೇಷ್ಟ್ರನ್ನೇ ದಿಟ್ಟಿಸಿದ. ಹೊಡೆಯುತ್ತಾನೇನೋ ಎಂದು ನನಗೆ ಭಯವಾಯಿತು.

"ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ನನ್ನ ಕಡೆ ನೋಡಿದ. "ಅಕ್ಕೋರಿಗೂ?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಮೇಷ್ಟ್ರು ನನಗಿಂತ ಮೊದಲು ಹೇಳಿಬಿಟ್ಟರು. "ಅವಳಿಗೆ ಅಷ್ಟು ಓದಲು ಬರುವುದಿಲ್ಲ. ನಾನು ಅಂದದ್ದನ್ನೇ ಅಂದಳು."

ತೆರೆದ ಬಾಯಿ ಮುಚ್ಚಿದೆ. ಅಲ್ಲ ಎನ್ನಲು ಆಗ ಬೇಕಾದಷ್ಟು ಸಮಯವಿತ್ತು. ಇಪ್ಪತ್ತೊಂದರ ಹುಡುಗಿ ಎಂದು ಈಗಲೂ ನನಗೆ ನಾನೇ ಸಬೂಬು ಹೇಳಿಕೊಳ್ಳುತ್ತೇನೆ. ಸಬೂಬು ಅಷ್ಟೇ.

"ನಮ್ಗೆ ಹೇಳ್ಬೇಕಿತ್ತು ಮೇಷ್ಟ್ರೇ" ಎಂದ ಮಗ. ಅವನ ಸ್ವರ ಏರಲಿಲ್ಲ, ಅದೇ ಕಷ್ಟ. "ನಿಮ್ಗೆ ಕಲ್ಲು ಉಳೀಬೇಕಿತ್ತು. ನಂಗೆ ಮಗ ಉಳೀಬೇಕಿತ್ತು." ಎದ್ದು ಗುಡಿಸಲ ಹಿಂದಕ್ಕೆ ಹೋದ. ಮತ್ತೆ ನಮ್ಮೆದುರು ಬರಲಿಲ್ಲ.

ಮೇಷ್ಟ್ರು ಕಾಗದ ಸುತ್ತಲು ಹೋದರು. ದೊಡ್ಡವ್ವ ಅವರ ಕೈಯಿಂದ ಅದನ್ನು ತೆಗೆದುಕೊಂಡು ತಾನೇ ಸುತ್ತಿಕೊಟ್ಟಳು.

"ಅಯ್ಯಾ, ಮೇಲಿಂದೆಲ್ಲ ನನ್ ಮುಖ ನೋಡ್ಕಂಡು ಓದಿದ್ರಿ. ಕೊನೀ ಸಾಲಿಗೆ ಬಂದಾಗ ನನ್ ಕಾಲು ನೋಡಿದ್ರಿ. ಒಳ್ಳೇದಾಗಿದ್ರೆ ಓದ್ತಿದ್ರಿ, ಅಷ್ಟ್ ತಿಳೀತದೆ ನಂಗೆ. ಗೊತ್ತಿದ್ದೇ ತಗಂಡ್ ಬಂದೆ." ಅವಳು ಕಲ್ಲಿನ ಕಡೆ ನೋಡಿದಳು. "ಅವನ ಅವ್ವ ನಿಲ್ಸಿದ್ದು ಅಂತ ಓದಿದ್ರಲ್ಲ. ಮಗನ್ನ ನೀರಿಂದ ಎತ್ತಿದವ್ರಿಗೆ ಯಾವ ಅವ್ವ ಶಾಪ ಹಾಕ್ತಾಳೆ?"

ಆಮೇಲೆ ಬೆಲ್ಲ ನೀರು ಕೊಟ್ಟಳು. ಮೇಷ್ಟ್ರು ಕುಡಿದರು. ಒಳಗಿದ್ದ ಸೊಸೆ ಹೊರಗೆ ಬರಲೇ ಇಲ್ಲ. ದೊಡ್ಡವ್ವನ ಮಾತು ಅವಳಿಗೆ ಕೇಳಿಸಿತೋ, ಕೇಳಿಸಿದರೂ ಅವಳಿಗೆ ಅದು ಸಮಾಧಾನವಾಯಿತೋ... ನನಗೆ ತಿಳಿಯದು. ಗೊತ್ತಿದ್ದೂ ಹಿರಿಯನನ್ನು ಕರೆತಂದವಳು ಅತ್ತೆ, ಮಗು ಹೋದದ್ದು ಸೊಸೆಯದು.

ದಾರಿಯಲ್ಲಿ ನಾನು, "ನನಗೋಸ್ಕರ ಯಾಕೆ ಸುಳ್ಳು ಹೇಳಿದಿರಿ?" ಎಂದು ಕೇಳಿದೆ. ಅವರು ನಡೆಯುತ್ತಲೇ ಅಂದರು. "ಮೊದಲನೆಯದು ಹೇಳುವಾಗ ಪ್ರಾಣ ಹೋದ ಹಾಗಾಗಿತ್ತು. ಎರಡನೆಯದು ಅಷ್ಟು ಕಷ್ಟವಾಗಲಿಲ್ಲ ನೋಡು. ಅದೇ ನನಗೆ ಹೆದರಿಕೆ."

ಆ ನಂತರ ಅವರು ಹೊಸ ಕಲ್ಲು ಓದಲು ಹೋಗಲಿಲ್ಲ. ಮಸಿ ಮಾಡುವುದನ್ನೂ ಬಿಟ್ಟರು. ಯಾರಾದರೂ ಬಂದು ನಮ್ಮೂರಲ್ಲಿ ಒಂದು ಕಲ್ಲಿದೆ ಎಂದರೆ, ಕಣ್ಣು ಸಾಲದು ಎನ್ನುತ್ತಿದ್ದರು. ಕಣ್ಣು ಚೆನ್ನಾಗಿಯೇ ಇತ್ತು. ಅದೇ ದಶಕ ಮುಗಿಯುವುದರೊಳಗೆ ತೀರಿಕೊಂಡರು. ಆಗ ನಾನು ಮದುವೆಯಾಗಿ ತೀರ್ಥಹಳ್ಳಿಗೆ ಬಂದಿದ್ದೆ. ಸುದ್ದಿ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಶಾಪ ತಟ್ಟಲಿಲ್ಲ. ಆ ಮನೆಯಲ್ಲಿ ಆಮೇಲೆ ಎರಡು ಗಂಡು, ಒಂದು ಹೆಣ್ಣು ಹುಟ್ಟಿ ಬೆಳೆದವು. ಗೇಣಿಯ ಹಂಗಿಲ್ಲದ ಸ್ವಂತ ಜಮೀನಾಯಿತು. ದೀಪಾವಳಿ ಬಂತೆಂದರೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ನನಗೊಂದು ಚೀಲ ಬರುತ್ತಿತ್ತು. ಹೊಸ ಅಕ್ಕಿಯ ಅವಲಕ್ಕಿ, ಒಂದು ಸೌತೆಕಾಯಿ, ಬೆಲ್ಲ. ಸಾಗರದಲ್ಲಿದ್ದಾಗ ಮೊದಲ ಸಲ ಬಂದದ್ದರಲ್ಲಿ ಅರ್ಧ ಮೇಷ್ಟ್ರಿಗೆ ಕೊಡಲು ಹೋಗಿದ್ದೆ. "ಅದು ನಿನಗೆ ಬಂದದ್ದು" ಎಂದು ವಾಪಸು ಮಾಡಿದರು. ನನಗೆ ಮಾತ್ರ ಬರುತ್ತಿತ್ತು, ಅವರಿಗೆ ಒಮ್ಮೆಯೂ ಬರಲಿಲ್ಲ. ನಾನು ಆ ಅವಲಕ್ಕಿ ತಿಂದೆ. ಪ್ರತಿ ವರ್ಷ, ಈ ಸಲ ಹೊಸನಗರಕ್ಕೆ ಹೋಗಿ ಹೇಳಿಬಿಡಬೇಕು ಎಂದುಕೊಂಡೇ ತಿಂದೆ.

ಹೋದ ತಿಂಗಳು ಫೋನ್ ಬಂತು. ದೊಡ್ಡವ್ವನ ಮೊಮ್ಮಗ ಮಾತಾಡಿದ. ಅಪ್ಪ ಹೋದರು, ತಿಥಿಗೆ ಬರಬೇಕು ಎಂದ. ದೊಡ್ಡವ್ವ ಹೋಗಿ ಎಷ್ಟೋ ಕಾಲವಾಗಿತ್ತು, ಅವನ ತಾಯಿಯೂ ಇಲ್ಲ. ಆ ಭಾನುವಾರ ಬದುವಿನ ಮೇಲೆ ಕೂತು ಮೋಡ ನೋಡಿದ ಐವರಲ್ಲಿ ಈಗ ಉಳಿದವಳು ನಾನೊಬ್ಬಳೇ.

"ಅಪ್ಪ ನಿಮ್ಮನ್ನ ಬಾಳ ನೆನಸ್ತಿದ್ರು" ಎಂದ ಅವನು. "ಆ ಕಲ್ಲಿನ ವಿಷ್ಯದಾಗೆ ನಮ್ಗೆ ಸುಳ್ಳು ಹೇಳ್ದೇ ಇದ್ದೋರು ಅಕ್ಕೋರು ಒಬ್ರೇ ಅಂತಿದ್ರು."

ಯಾರಿಗೆ ಹೇಳಬೇಕಿತ್ತೋ ಅವನು ಹೋಗಿದ್ದ, ನನ್ನ ಬದಲು ಬೈಸಿಕೊಂಡವರು ಯಾವಾಗಲೋ ಹೋಗಿದ್ದರು. ಅಪ್ಪನನ್ನು ಮಣ್ಣು ಮಾಡಿ ಬಂದವನಿಗೆ ಏನು ಹೇಳಲಿ?

"ಆಯ್ತು ಮಗಾ, ತಿಥಿಗೆ ಬರ್ತೀನಿ" ಎಂದೆ.